ಡೆನ್ಮಾರ್ಕಿನಲ್ಲಿ ಒಂಬತ್ತನೇ ಕ್ಲಾಸ್ ಆಯ್ತು, ಮುಂದೆ ಐಬಿನಾ ಎಸ್‌ಟಿಎಕ್ಸಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಮೇಲೆ ಎರಡೂವರೆ ವರ್ಷದ ಹಿಂದೆ ಕೋಪನ್‌ಹೇಗನ್ ಪಕ್ಕದ ಊರಿಗೆ ಬಂದೆವು. ಮಗಳಿಗೆ 15 ವರ್ಷ. ಇಂಗ್ಲಿಷ್ ಮಾಧ್ಯಮದ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಒಂಬತ್ತನೇ ಕ್ಲಾಸ್. ಮಗ ಇನ್ನೂ ನಾಲ್ಕನೇ ಕ್ಲಾಸ್. ಮಗಳಿಗೆ ಡಾಕ್ಟರ್ ಆಗುವ ಆಸೆ, ಇಲ್ಲದಿದ್ದರೆ ಬಯೋಟೆಕ್. ಹ್ಯಾಂಡ್‌ಬಾಲ್ ಕ್ಲಬ್ಬಿನಲ್ಲಿ ಗೆಳತಿಯರ ಜೊತೆ ಡ್ಯಾನಿಶ್ ಮಾತಾಡುತ್ತಾಳೆ, ಆದರೆ ಬರೆಯಲು ಕಷ್ಟ. ಅವಳ ಅಪ್ಪ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯಟ್, ಅನ್ನುತ್ತಾರೆ. ಅವಳು ಗೆಳತಿಯರು ಹೋಗುವ ಎಸ್‌ಟಿಎಕ್ಸ್ ಅನ್ನುತ್ತಾಳೆ. ಪಕ್ಕದ ಮನೆಯವರು ಎಚ್‌ಟಿಎಕ್ಸ್ ನಮ್ಮ ಪಿಯುಸಿ ಸೈನ್ಸ್ ಇದ್ದ ಹಾಗೆ ಅನ್ನುತ್ತಾರೆ. ಇಲ್ಲಿ ಇನ್ನೆಷ್ಟು ವರ್ಷ ಇರುತ್ತೇವೋ ಗೊತ್ತಿಲ್ಲ. ಮಾರ್ಚ್‌ನಲ್ಲಿ ಅರ್ಜಿ ಹಾಕಬೇಕಂತೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹ್ಯಾಂಡ್‌ಬಾಲ್ ಕ್ಲಬ್ಬಿನ ಸಾಲನ್ನು ನಾನು ಎರಡು ಸಲ ಓದಿದೆ. ಬಹಳ ಮನೆಗಳಲ್ಲಿ ಐಬಿ ಒಳ್ಳೇದಾ, ಎಸ್‌ಟಿಎಕ್ಸ್ ಒಳ್ಳೇದಾ ಅನ್ನುವ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ. ಮಗುವಿನ ಡ್ಯಾನಿಶ್ ಎಲ್ಲಿಗೆ ಬಂದಿದೆ ಅನ್ನುವ ಮಾತೇ ಬರುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಉಳಿದೆಲ್ಲ ಪ್ರಶ್ನೆಗಳೂ ಆ ಒಂದು ಪ್ರಶ್ನೆಯ ಹಿಂದೆಯೇ ಬರುತ್ತವೆ. ಯಾಕೆಂದರೆ ಅವಳಿಗೆ ಡಾಕ್ಟರ್ ಆಗಬೇಕು. ಡೆನ್ಮಾರ್ಕಿನಲ್ಲಿ ವೈದ್ಯಕೀಯ ಓದಿಸುವುದು ಡ್ಯಾನಿಶ್ ಭಾಷೆಯಲ್ಲಿ. ಕೋಪನ್‌ಹೇಗನ್, ಆರ್ಹುಸ್, ಒಡೆನ್ಸೆ, ಆಲ್ಬೋರ್ಗ್, ನಾಲ್ಕು ಕಡೆಯೂ ಹಾಗೇ.

ಮೊದಲು ಹೆಸರುಗಳನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿ ಗಿಮ್ನಾಸಿಯಂ ಅಂದರೆ ವ್ಯಾಯಾಮಶಾಲೆ ಅಲ್ಲ, ಒಂಬತ್ತು ಅಥವಾ ಹತ್ತನೇ ಕ್ಲಾಸಿನ ನಂತರದ ಓದು. ನಮ್ಮ ಪಿಯುಸಿಯ ಜಾಗ, ಆದರೆ ಮೂರು ವರ್ಷ. ಎಸ್‌ಟಿಎಕ್ಸ್ ಅಂದರೆ ಎಲ್ಲ ವಿಷಯಗಳೂ ಇರುವ ಸಾಮಾನ್ಯ ಗಿಮ್ನಾಸಿಯಂ. ಎಚ್‌ಎಚ್‌ಎಕ್ಸ್ ವ್ಯಾಪಾರ, ಅರ್ಥಶಾಸ್ತ್ರ, ಮಾರ್ಕೆಟಿಂಗ್ ಕಡೆಯದು. ಎಚ್‌ಟಿಎಕ್ಸ್ ತಂತ್ರಜ್ಞಾನದ ಕಡೆಯದು, ಅಲ್ಲಿ ವರ್ಕ್‌ಶಾಪ್, ಲ್ಯಾಬ್, ಕೈಯಾರೆ ಮಾಡುವ ಪ್ರಾಜೆಕ್ಟ್ ಜಾಸ್ತಿ. ಈ ಮೂರರಲ್ಲಿ ಯಾವುದನ್ನು ಮುಗಿಸಿದರೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಎಚ್‌ಎಫ್ ಎರಡು ವರ್ಷದ್ದು, ಹತ್ತನೇ ಕ್ಲಾಸ್ ಆದ ಮೇಲೆ ಸೇರುವಂಥದ್ದು. ಇಯುಎಕ್ಸ್‌ನಲ್ಲಿ ಎಲೆಕ್ಟ್ರಿಷಿಯನ್, ಬಡಗಿ ಥರದ ಒಂದು ಕಸುಬಿನ ತರಬೇತಿಯೂ ಗಿಮ್ನಾಸಿಯಂ ಮಟ್ಟದ ವಿಷಯಗಳೂ ಒಟ್ಟಿಗೆ ಸಿಗುತ್ತವೆ. ನಮ್ಮವರು ಇದರ ಕಡೆ ತಿರುಗಿಯೂ ನೋಡುವುದಿಲ್ಲ, ಅದು ನನಗೆ ಬೇಸರದ ವಿಷಯ. ಕೈಕೆಲಸದಲ್ಲಿ ಮನಸ್ಸಿರುವ ಮಗುವಿಗೆ ಡೆನ್ಮಾರ್ಕಿನಲ್ಲಿ ಅದು ಮರ್ಯಾದೆಯ ದಾರಿ, ಮುಂದೆ ಎಂಜಿನಿಯರಿಂಗ್‌ಗೂ ಹೋಗಬಹುದು. ನಿಮ್ಮ ಮಗಳ ಆಸೆ ಬೇರೆ, ಹಾಗಾಗಿ ಅದನ್ನು ಇಲ್ಲಿಗೆ ಬಿಡುತ್ತೇನೆ.

ಎಚ್‌ಟಿಎಕ್ಸ್ ನಮ್ಮ ಪಿಯುಸಿ ಸೈನ್ಸ್ ಇದ್ದ ಹಾಗೆ ಅನ್ನುವ ಮಾತನ್ನು ಪೂರ್ತಿ ಒಪ್ಪಲಾರೆ. ನಮ್ಮಲ್ಲಿ ಪಿಸಿಎಂಬಿ ತೆಗೆದುಕೊಂಡರೆ ಇತಿಹಾಸಕ್ಕೆ ಅಲ್ಲೇ ಕೈಮುಗಿದ ಹಾಗೆ. ಇಲ್ಲಿ ಹಾಗಿಲ್ಲ. ಎಚ್‌ಟಿಎಕ್ಸ್‌ನಲ್ಲೂ ಡ್ಯಾನಿಶ್ ಮೂರು ವರ್ಷ ಕಡ್ಡಾಯ. ಎಸ್‌ಟಿಎಕ್ಸ್‌ನಲ್ಲಂತೂ ಸೈನ್ಸ್ ಮಕ್ಕಳೂ ಮೂರು ವರ್ಷ ಇತಿಹಾಸ ಓದಬೇಕು, ಇಂಗ್ಲಿಷ್ ಅಲ್ಲದೆ ಜರ್ಮನ್, ಫ್ರೆಂಚ್ ಥರದ ಇನ್ನೊಂದು ಭಾಷೆಯನ್ನೂ ಓದಬೇಕು. ಡಾಕ್ಟರ್ ಆಗುವವಳಿಗೆ ಇದೆಲ್ಲ ಯಾಕೆ ಅನ್ನಬೇಡಿ. ಕೊನೆಯ ಸರಾಸರಿಗೆ ಆ ವಿಷಯಗಳ ಅಂಕವೂ ಸೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ನೀವು ತಿಳಿಯಬೇಕಾದದ್ದು ಎ, ಬಿ, ಸಿ ಲೆಕ್ಕ. ಇವು ಗ್ರೇಡ್ ಅಲ್ಲ, ವಿಷಯದ ಮಟ್ಟ. ಸಾಮಾನ್ಯವಾಗಿ ಒಂದು ವರ್ಷ ಓದಿದರೆ ಸಿ, ಎರಡು ವರ್ಷಕ್ಕೆ ಬಿ, ಮೂರು ವರ್ಷಕ್ಕೆ ಎ. ವಿಶ್ವವಿದ್ಯಾಲಯಗಳು ಸೀಟು ಕೊಡುವಾಗ ಮೊದಲು ನೋಡುವುದು ಇದನ್ನೇ. ಕೋಪನ್‌ಹೇಗನ್‌ನಲ್ಲಿ ವೈದ್ಯಕೀಯಕ್ಕೆ ಡ್ಯಾನಿಶ್ ಎ, ಇಂಗ್ಲಿಷ್ ಬಿ, ಮ್ಯಾಥ್ಸ್ ಎ, ಫಿಸಿಕ್ಸ್ ಬಿ, ಕೆಮಿಸ್ಟ್ರಿ ಬಿ ಬೇಕು. ಎಂಜಿನಿಯರಿಂಗ್‌ಗೂ ಸಾಮಾನ್ಯವಾಗಿ ಮ್ಯಾಥ್ಸ್ ಎ, ಜೊತೆಗೆ ಫಿಸಿಕ್ಸ್, ಕೆಮಿಸ್ಟ್ರಿ. ಸರಾಸರಿ ಎಷ್ಟೇ ಚೆನ್ನಾಗಿರಲಿ, ಮ್ಯಾಥ್ಸ್ ಬಿಗೇ ನಿಲ್ಲಿಸಿದ್ದರೆ ಬಾಗಿಲು ತೆರೆಯುವುದಿಲ್ಲ. ಆಮೇಲೆ ಜಿಎಸ್‌ಕೆ ಎಂಬ ಪೂರಕ ಕೋರ್ಸ್ ಮಾಡಿ ಮಟ್ಟ ಏರಿಸಿಕೊಳ್ಳಬಹುದು. ಆದರೆ ಅದಕ್ಕೆ ಮತ್ತೆ ಸಮಯ ಬೇಕು.

ಎಸ್‌ಟಿಎಕ್ಸ್‌ನಲ್ಲಿ ಒಂದು ಅನುಕೂಲ ಇದೆ. ಆಗಸ್ಟ್‌ನಲ್ಲಿ ಸೇರಿದ ಮೇಲೆ ಮೊದಲ ಸುಮಾರು ಮೂರು ತಿಂಗಳು ಎಲ್ಲರಿಗೂ ಒಂದೇ ಪಾಠ. ಅದಕ್ಕೆ ಗ್ರುಂಡ್‌ಫೋರ್ಲೋಬ್ ಅನ್ನುತ್ತಾರೆ. ಆಮೇಲೆ ಕಾಂಬಿನೇಷನ್ ಆರಿಸಿಕೊಳ್ಳುವುದು. ಅದರ ಹೆಸರು ಸ್ಟುಡಿಯರೆಟ್ನಿಂಗ್. ನಿಮ್ಮ ಮಗಳ ಆಸೆಗೆ ಒಪ್ಪುವ ಒಂದು ಕಾಂಬಿನೇಷನ್ ಹಲವು ಗಿಮ್ನಾಸಿಯಂಗಳಲ್ಲಿ ಇದೆ: ಬಯೋಟೆಕ್ನಾಲಜಿ ಎ, ಮ್ಯಾಥ್ಸ್ ಎ, ಫಿಸಿಕ್ಸ್ ಬಿ. ಬಯೋಟೆಕ್ನಾಲಜಿ ಎ ಓದಿದವರಿಗೆ ವೈದ್ಯಕೀಯದ ಅರ್ಜಿಯಲ್ಲಿ ಅದು ಕೆಮಿಸ್ಟ್ರಿ ಬಿ ಜಾಗಕ್ಕೆ ಸಲ್ಲುತ್ತದೆ. ಡಾಕ್ಟರ್, ಬಯೋಟೆಕ್ ಎರಡೂ ಬಾಗಿಲು ಒಂದೇ ಕೀಲಿಯಲ್ಲಿ. ಎಲ್ಲ ಶಾಲೆಯಲ್ಲೂ ಎಲ್ಲ ಕಾಂಬಿನೇಷನ್ ಇರುವುದಿಲ್ಲ. ಹಾಗಾಗಿ ಶಾಲೆಯ ಹೆಸರು ನೋಡುವ ಮೊದಲು ಈ ಪಟ್ಟಿ ನೋಡಿ.

ಈಗ ಐಬಿ ವಿಷಯ. ನಿಮ್ಮ ಯಜಮಾನರ ಯೋಚನೆಯಲ್ಲಿ ಅರ್ಥ ಇದೆ. ಐಬಿ ಅಂದ ಕೂಡಲೇ ದುಬಾರಿ ಖಾಸಗಿ ಶಾಲೆ ಅಂದುಕೊಳ್ಳಬೇಡಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೆಲವು ಗಿಮ್ನಾಸಿಯಂಗಳಲ್ಲೂ ಐಬಿ ಇದೆ, ಅಲ್ಲಿ ಓದಿಗೆ ಫೀಸ್ ಇಲ್ಲ. ನಿಮ್ಮ ಕಡೆ ಬಿರ್ಕೆರೋಡ್ ಗಿಮ್ನಾಸಿಯಂ, ನೋರ್ರೆ ಗಿಮ್ನಾಸಿಯಂ ಇವೆ. ಬೇರೆ ಊರುಗಳಲ್ಲಿ ನ್ಯೂಬೋರ್ಗ್, ಕೋಲ್ಡಿಂಗ್, ಆಲ್ಬೋರ್ಗ್‌ನ ಹಾಸ್ಸೆರಿಸ್ ಇವೆ. ಮೊದಲ ವರ್ಷ ಪ್ರಿ-ಐಬಿ, ನಂತರ ಎರಡು ವರ್ಷ ಐಬಿ ಡಿಪ್ಲೊಮಾ. ಪಾಠ ಇಂಗ್ಲಿಷ್‌ನಲ್ಲಿ. ಆರು ವಿಷಯ, ಅದರಲ್ಲಿ ಮೂರು ಹೈಯರ್ ಲೆವೆಲ್. 4000 ಪದಗಳ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಒಟ್ಟು 45 ಅಂಕ. ಎರಡು ವರ್ಷದಲ್ಲಿ ನಿಮಗೆ ಸಿಂಗಾಪುರಕ್ಕೋ ಲಂಡನ್ನಿಗೋ ಬೆಂಗಳೂರಿಗೋ ವರ್ಗ ಆಗುವ ಸಾಧ್ಯತೆ ನಿಜವಾಗಿ ಇದ್ದರೆ ಐಬಿಯೇ ಸರಿ. ಎಸ್‌ಟಿಎಕ್ಸ್ ಅರ್ಧಕ್ಕೆ ಬಿಟ್ಟು ಹೋದರೆ ಬೇರೆ ದೇಶದಲ್ಲಿ ಅದನ್ನು ಮುಂದುವರಿಸಲು ಜಾಗವೇ ಇಲ್ಲ. ಐಬಿಯನ್ನು ಇನ್ನೊಂದು ಐಬಿ ಶಾಲೆಯಲ್ಲಿ ಮುಂದುವರಿಸಲು ದಾರಿ ಇದೆ, ವಿಷಯಗಳು ಹೊಂದಬೇಕಷ್ಟೆ.

ಆದರೆ ಐಬಿಯಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಐಬಿಯಲ್ಲೂ ಎ, ಬಿ ಅನ್ನುವ ಅಕ್ಷರಗಳಿವೆ, ಅವುಗಳ ಅರ್ಥವೇ ಬೇರೆ. ಐಬಿಯಲ್ಲಿ ಭಾಷೆ ಎ ಅಂದರೆ ಸಾಹಿತ್ಯದ ಮಟ್ಟದಲ್ಲಿ ಓದುವ ಭಾಷೆ, ಭಾಷೆ ಬಿ ಅಂದರೆ ಎರಡನೇ ಭಾಷೆಯಾಗಿ ಕಲಿಯುವುದು. ಅದಕ್ಕೂ ಕೆಳಗೆ ಆಬ್ ಇನಿಶಿಯೊ, ಅಂದರೆ ಹೊಸದಾಗಿ ಶುರು ಮಾಡುವವರಿಗೆ. ಡೆನ್ಮಾರ್ಕಿನ ವಿಶ್ವವಿದ್ಯಾಲಯ ಕೇಳುವ ‘ಡ್ಯಾನಿಶ್ ಎ’ ಆಬ್ ಇನಿಶಿಯೊದಿಂದ ಸಿಗುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗಿ ಐಬಿಯಲ್ಲಿ ಚೆನ್ನಾಗಿ ಅಂಕ ತೆಗೆದಳು. ಜುಲೈನಲ್ಲಿ ಅರ್ಜಿ ತುಂಬಲು ಕೂತಾಗ ಡ್ಯಾನಿಶ್ ಕಾಲಂ ಮುಂದೆ ಬರೆಯಲು ಏನೂ ಇರಲಿಲ್ಲ. ಅವಳ ಅಮ್ಮ ನನಗೆ ಫೋನ್ ಮಾಡಿ, ‘ಮೂರು ವರ್ಷದಲ್ಲಿ ಒಬ್ಬರಾದರೂ ಹೇಳಬಾರದಿತ್ತಾ’ ಅಂತ ಅತ್ತರು. ಆಮೇಲೆ ಅವಳು ಭಾಷಾಶಾಲೆಗೆ ಸೇರಿ ಸ್ಟುಡಿಯೆಪ್ರೋವೆನ್ ಪರೀಕ್ಷೆ ಮುಗಿಸಿದಳು. ವಿದೇಶಿ ವಿದ್ಯಾರ್ಥಿಗಳು ಡ್ಯಾನಿಶ್ ಅರ್ಹತೆ ತೋರಿಸಲು ಬರೆಯುವ ಪರೀಕ್ಷೆ ಅದು. ದಾರಿ ಸಿಕ್ಕಿತು, ಆದರೆ ಒಂದು ವರ್ಷ ಹೋಯಿತು. ನಿಮ್ಮ ಮಗಳು ಐಬಿಗೆ ಹೋಗುವುದಾದರೆ, ಅವಳು ತೆಗೆದುಕೊಳ್ಳುವ ಡ್ಯಾನಿಶ್ ಕೋರ್ಸ್ ಮುಂದೆ ಡ್ಯಾನಿಶ್ ಎ ಅಂತ ಲೆಕ್ಕಕ್ಕೆ ಬರುತ್ತದಾ ಅಂತ ಸ್ಟಡಿ ಕೌನ್ಸೆಲರ್ ಹತ್ತಿರ ಇಮೇಲಿನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಮ್ಯಾಥ್ಸ್‌ನಲ್ಲಿ ಅನಾಲಿಸಿಸ್ ಅಂಡ್ ಅಪ್ರೋಚಸ್ ಎಂಬ ಕೋರ್ಸನ್ನು ಹೈಯರ್ ಲೆವೆಲ್‌ನಲ್ಲಿ ತೆಗೆದುಕೊಂಡರೆ ಮ್ಯಾಥ್ಸ್ ಎ ಬಗ್ಗೆ ನಿಶ್ಚಿಂತೆ.

ಊರಿಗೆ ವಾಪಸ್ ಬಂದರೆ ಏನು ಅನ್ನುವ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ ಅಲ್ವಾ. ಭಾರತದಲ್ಲಿ ಎಂಬಿಬಿಎಸ್‌ಗೆ ನೀಟ್ ಬರೆಯಬೇಕು. ಅದಕ್ಕೆ ಹನ್ನೆರಡನೇ ಕ್ಲಾಸಿನ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಓದಿರಬೇಕು. ಐಬಿಯ ಮಾಮೂಲಿ ಚೌಕಟ್ಟಿನಲ್ಲಿ ಎರಡು ಸೈನ್ಸ್ ತೆಗೆದುಕೊಳ್ಳಬಹುದು, ಮೂರನೆಯದಕ್ಕೆ ವಿಶೇಷ ಅನುಮತಿ ಬೇಕು. ಎಲ್ಲ ಶಾಲೆಗಳೂ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಐಬಿ ಮಾಡಿದರೆ ಊರಲ್ಲಿ ಮೆಡಿಕಲ್ ಸಲೀಸು ಅಂತ ಲೆಕ್ಕ ಹಾಕಿದ್ದರೆ ಇನ್ನೊಮ್ಮೆ ಯೋಚಿಸಿ. ವಿದೇಶದ ಯಾವುದೇ ಸರ್ಟಿಫಿಕೇಟಿಗೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ಅಂದರೆ ಎಐಯು, ಕೊಡುವ ಸಮಾನತೆಯ ಪತ್ರವನ್ನು ಕಾಲೇಜುಗಳು ಕೇಳುತ್ತವೆ. ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಮಗು ರಾಜ್ಯದಲ್ಲಿ ಎಷ್ಟು ವರ್ಷ ಓದಿದೆ ಅನ್ನುವ ನಿಯಮವೂ ಅಡ್ಡ ಬರಬಹುದು. ಎಂಜಿನಿಯರಿಂಗ್ ಆದರೆ ಇಷ್ಟು ಕಷ್ಟ ಇಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಐಬಿಯಲ್ಲಿ ಸುಲಭವಾಗಿ ಹೊಂದುತ್ತವೆ.

ನಿಮ್ಮ ಮಗಳ ಮುಂದಿರುವ ನಿಜವಾದ ಅಡ್ಡಿ ಬರೆಯುವ ಡ್ಯಾನಿಶ್. ಡ್ಯಾನಿಶ್ ಶಾಲೆಯಲ್ಲಿ ಒಂಬತ್ತನೇ ಕ್ಲಾಸ್ ಪರೀಕ್ಷೆ ಬರೆದ ಮಕ್ಕಳಿಗೆ ಮೂರು ವರ್ಷದ ಗಿಮ್ನಾಸಿಯಂಗೆ ಶಾಲೆಯ ಅಂಕಗಳ ಸರಾಸರಿ, 12ರ ಲೆಕ್ಕದಲ್ಲಿ, 5 ಇರಬೇಕು, ಪರೀಕ್ಷೆಯೂ ಪಾಸಾಗಬೇಕು. ನಿಮ್ಮ ಮಗಳಂತೆ ಬೇರೆ ಪಠ್ಯಕ್ರಮದಿಂದ ಬಂದವರಿಗೆ ಪ್ರವೇಶ ಪರೀಕ್ಷೆ ಮತ್ತು ಮಾತುಕತೆ ಇರುತ್ತದೆ. ಅದರಲ್ಲಿ ಡ್ಯಾನಿಶ್ ಬರವಣಿಗೆಯೂ ಬರುತ್ತದೆ. ಅದನ್ನು ಹೇಗೋ ದಾಟಿದಳು ಅಂತಲೇ ಇಟ್ಟುಕೊಳ್ಳಿ. ಮೊದಲ ವಾರದಿಂದಲೇ ಡ್ಯಾನಿಶ್ ಕತೆ ಓದಿ ವಿಶ್ಲೇಷಣೆ ಬರೆಯಬೇಕು, ಇತಿಹಾಸದ ಹಳೆಯ ದಾಖಲೆ ಓದಬೇಕು. ಕ್ಲಬ್ಬಿನ ಡ್ಯಾನಿಶ್ ಅದಕ್ಕೆ ಸಾಲುವುದಿಲ್ಲ. ಜಾಣ ಮಗು ಒಂದೇ ಸಲಕ್ಕೆ ಕ್ಲಾಸಿನಲ್ಲಿ ಕೊನೆಯವಳಾದರೆ ಅವಳ ಧೈರ್ಯ ಕುಸಿಯುತ್ತದೆ. ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಅದಕ್ಕೇ ನಿಮ್ಮ ಪತ್ರದಲ್ಲಿ ಯಾರೂ ಹೇಳದ ನಾಲ್ಕನೇ ದಾರಿಯೊಂದನ್ನು ಹೇಳುತ್ತೇನೆ: ಹತ್ತನೇ ಕ್ಲಾಸ್. ಡೆನ್ಮಾರ್ಕಿನಲ್ಲಿ ಅದು ಕಡ್ಡಾಯ ಅಲ್ಲ, ಇಷ್ಟ ಇದ್ದವರು ಮಾಡುವ ವರ್ಷ. ಸರ್ಕಾರಿ ಹತ್ತನೇ ಕ್ಲಾಸಿಗೆ ಫೀಸ್ ಇಲ್ಲ. ಎಫ್ಟರ್‌ಸ್ಕೋಲೆ ಅನ್ನುವ ವಸತಿ ಶಾಲೆಗಳೂ ಇವೆ, ದೇಶದಲ್ಲಿ ಸುಮಾರು 240. 14ರಿಂದ 18ರ ವಯಸ್ಸಿನ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಕ್ರೀಡೆ, ಸಂಗೀತ ಹೀಗೆ ಒಂದೊಂದು ಶಾಲೆಗೆ ಒಂದೊಂದು ಗುಣ, ಹ್ಯಾಂಡ್‌ಬಾಲ್ ಇರುವ ಶಾಲೆಗಳೂ ಇವೆ. ಅಲ್ಲಿ ತಂದೆ ತಾಯಿ ದುಡ್ಡು ಕೊಡಬೇಕು, ಆದಾಯ ನೋಡಿ ಸರ್ಕಾರ ಒಂದು ಪಾಲು ಭರಿಸುತ್ತದೆ. ಹದಿನೈದರ ಮಗಳನ್ನು ಹಾಸ್ಟೆಲಿಗೆ ಕಳಿಸಬೇಕಾ ಅಂತ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದು ಗೊತ್ತು. ಒಲ್ಲೆ ಅನಿಸಿದರೆ ಊರಿನ ಹತ್ತನೇ ಕ್ಲಾಸೇ ಸಾಕು. ಒಂದು ವರ್ಷ ಪೂರ್ತಿ ಡ್ಯಾನಿಶ್‌ನಲ್ಲಿ ಓದಿ, ಬರೆದು, ಜಗಳ ಆಡಿ, ಪ್ರಾಜೆಕ್ಟ್ ಮಾಡಿ ಎಸ್‌ಟಿಎಕ್ಸ್‌ಗೆ ಹೋದರೆ ಅವಳು ಕಾಲೂರಿ ನಿಲ್ಲುತ್ತಾಳೆ. ‘ಒಂದು ವರ್ಷ ವೇಸ್ಟ್’ ಅನ್ನುವ ಮಾತು ಊರಿಂದ ಬರುತ್ತದೆ. ಇಲ್ಲಿ ಅರ್ಧ ಕ್ಲಾಸೇ ಹತ್ತನೇ ಮುಗಿಸಿ ಬಂದಿದ್ದರೂ ಆಶ್ಚರ್ಯ ಇಲ್ಲ. ವಯಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ.

ನನ್ನ ಸಲಹೆ ಇದು. ಇನ್ನು ನಾಲ್ಕು ವರ್ಷವಾದರೂ ಇಲ್ಲೇ ಇರುತ್ತೇವೆ ಅನ್ನುವ ಭರವಸೆ ಇದ್ದರೆ ಹತ್ತನೇ ಕ್ಲಾಸ್, ಆಮೇಲೆ ಬಯೋಟೆಕ್ನಾಲಜಿ ಇರುವ ಎಸ್‌ಟಿಎಕ್ಸ್. ಇಲ್ಲವಾದರೆ ಐಬಿ, ಮೇಲೆ ಹೇಳಿದ ಡ್ಯಾನಿಶ್ ಎಚ್ಚರಿಕೆಯೊಂದಿಗೆ. ಎಷ್ಟು ವರ್ಷ ಇರುತ್ತೇವೋ ಗೊತ್ತಿಲ್ಲ ಅಂತ ಬರೆದಿದ್ದೀರಿ. ಆ ಮಾತನ್ನು ಮನೆಯಲ್ಲಿ ಈಗಲೇ ಕೂತು ಬಗೆಹರಿಸಿಕೊಳ್ಳಿ. ಯಜಮಾನರು ಆಫೀಸಿನಲ್ಲಿ ನೇರವಾಗಿ ಕೇಳಲಿ. ಮಗಳ ಮೂರು ವರ್ಷ ಆ ಉತ್ತರದ ಮೇಲೆ ನಿಂತಿದೆ.

ಕಾಗದಪತ್ರದ ಕಡೆ ಎರಡು ಮಾತು. ಮಗಳು ನಿಮ್ಮ ಜೊತೆ ಬಂದಿರುವುದು ಕುಟುಂಬದ ಪರ್ಮಿಟ್ ಮೇಲೆ. ಅವಳಿಗೆ 18 ತುಂಬುವ ಹಿಂದಿನ ವರ್ಷವೇ ಪರ್ಮಿಟ್ ಅವಧಿ, ನವೀಕರಣದ ನಿಯಮ ನೋಡಿಕೊಳ್ಳಿ. ಡೆನ್ಮಾರ್ಕಿನ ವಿಶ್ವವಿದ್ಯಾಲಯಗಳು ಯುರೋಪಿನ ಹೊರಗಿನವರಿಂದ ಫೀಸ್ ತೆಗೆದುಕೊಳ್ಳುತ್ತವೆ, ದೊಡ್ಡ ಮೊತ್ತ. ಆದರೆ ಅಪ್ಪ ಅಮ್ಮನ ಕೆಲಸದ ಪರ್ಮಿಟ್ ಜೊತೆ ಬಂದ ಮಕ್ಕಳು, ಕಾಯಂ ಪರ್ಮಿಟ್ ಇರುವವರು ಈ ಫೀಸಿನಿಂದ ಹೊರಗೆ. ಅಂದರೆ ಅವಳ ಕಾರ್ಡಿನಲ್ಲಿ ಏನು ಬರೆದಿದೆ ಅನ್ನುವುದರ ಬೆಲೆ ಲಕ್ಷಗಟ್ಟಲೆ. ಅರ್ಜಿ ಹಾಕುವ ದಿನ ಅವಳ ಕೈಯಲ್ಲಿ ಯಾವ ಪರ್ಮಿಟ್ ಇರುತ್ತದೆ ಅಂತ ಈಗಲೇ ಲೆಕ್ಕ ಹಾಕಿ.

ಇನ್ನು ಅಂಕಗಳು. ಇಲ್ಲಿ ಏಳು ಮೆಟ್ಟಿಲಿನ ಲೆಕ್ಕ: -3, 00, 02, 4, 7, 10, 12. ಪಾಸಾಗಲು 02 ಸಾಕು. 7 ಬಂದರೆ ಎಪ್ಪತ್ತು ಪರ್ಸೆಂಟ್ ಅಂತ ಬೈಯಬೇಡಿ, ಅದು ಒಳ್ಳೆಯ ಅಂಕ. ವೈದ್ಯಕೀಯಕ್ಕೆ ಮಾತ್ರ ಪೈಪೋಟಿ ಜೋರು. ಕೋಪನ್‌ಹೇಗನ್‌ನಲ್ಲಿ ಸರಾಸರಿ ನೋಡಿ ಕೊಡುವ ಸೀಟಿಗೆ ಕೆಲವು ವರ್ಷ 11ಕ್ಕಿಂತ ಜಾಸ್ತಿ ಬೇಕಾಗಿದೆ. ಆ ಕೋಟಾಕ್ಕೆ ಅರ್ಜಿಯ ಕೊನೆ ದಿನ ಜುಲೈ 5. ಸರಾಸರಿ ಸ್ವಲ್ಪ ಕಡಿಮೆ ಇದ್ದವರಿಗೆ ಎರಡನೇ ಕೋಟಾ ಇದೆ, ಅದಕ್ಕೆ ಮಾರ್ಚ್ 15.

ಅಂಕ ಬರುವ ರೀತಿಯನ್ನೂ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳಿಗೆ ಹೊಸದು ಇದೇ. ಬಾಯಿಪಾಠ ಮಾಡಿ ಬರೆದು ಬರುವ ಪರೀಕ್ಷೆ ಕಡಿಮೆ. ಮೌಖಿಕ ಪರೀಕ್ಷೆ ಜಾಸ್ತಿ. ಕೋಣೆಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜು. ಒಂದು ಕಡೆ ಪಾಠ ಮಾಡಿದ ಟೀಚರ್, ಪಕ್ಕದಲ್ಲಿ ಬೇರೆ ಶಾಲೆಯಿಂದ ಬಂದ ಪರೀಕ್ಷಕರು. ಹುಡುಗಿ ಮೇಜಿನ ಮೇಲಿನ ಚೀಟಿಗಳಲ್ಲಿ ಒಂದನ್ನು ಎತ್ತುತ್ತಾಳೆ. ಅದರಲ್ಲಿದ್ದ ಪ್ರಶ್ನೆಗೆ ತಯಾರಾಗಿ ಬಂದು ಅವರಿಬ್ಬರ ಎದುರು ಮಾತಾಡುತ್ತಾಳೆ, ಅವರು ನಡುನಡುವೆ ಕೇಳುತ್ತಾರೆ. ಮುಗಿದ ಮೇಲೆ ಬಾಗಿಲ ಹೊರಗೆ ಒಂದೆರಡು ನಿಮಿಷ ನಿಲ್ಲಬೇಕು. ಒಳಗೆ ಕರೆದು ಅಂಕವನ್ನು ಆಗಲೇ ಹೇಳಿಬಿಡುತ್ತಾರೆ. ಕೊನೆಯ ಪರೀಕ್ಷೆಯ ದಿನ ಮನೆಯವರೆಲ್ಲ ಬಾವುಟ, ಹೂವು ಹಿಡಿದು ಕಾರಿಡಾರಿನಲ್ಲಿ ಕಾಯುತ್ತಾರೆ. ಅಂಕ ಗೊತ್ತಾದ ಕೂಡಲೇ ಬಿಳಿ ಟೋಪಿ ಮಗುವಿನ ತಲೆಗೇರುತ್ತದೆ. ನನ್ನ ಮಗನಿಗೆ ಆ ಟೋಪಿ ಹಾಕಿದ್ದು ಅವನ ಅಜ್ಜಿ. ಅವರು ಹಾಸನದಿಂದ ಬಂದಿದ್ದರು, ಭಾಷೆ ಒಂದು ಅಕ್ಷರ ಗೊತ್ತಿರಲಿಲ್ಲ, ಆದರೆ ಕಾರಿಡಾರಿನಲ್ಲಿ ಎಲ್ಲರಿಗಿಂತ ಮೊದಲು ಕಣ್ಣು ತುಂಬಿಕೊಂಡವರು ಅವರೇ.

ಈ ಪರೀಕ್ಷೆಗೆ ಬೇಕಾದದ್ದು ಎದುರು ನಿಂತು ಮಾತಾಡುವ ಧೈರ್ಯ. ಅದು ಕ್ಲಾಸಿನಲ್ಲೇ ಬರಬೇಕು. ಇಲ್ಲಿ ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ, ನಾಲ್ಕು ಜನ ಸೇರಿ ಗ್ರೂಪಿನಲ್ಲಿ ಕೆಲಸ ಮಾಡುತ್ತಾರೆ, ಟೀಚರ್ ಹೇಳಿದ್ದಕ್ಕೆ ಹಾಗಲ್ಲ ಅಂತ ವಾದಿಸುವುದು ತಪ್ಪಲ್ಲ. ನಮ್ಮ ಮಕ್ಕಳು ಸುಮ್ನೆ ಕೂತು ನೋಟ್ಸ್ ಬರೆದುಕೊಳ್ಳುತ್ತಾರೆ, ಬಾಯಿ ಬಿಡುವುದಿಲ್ಲ. ಹಾಗೆ ಸುಮ್ಮನಿದ್ದರೆ ಅಂಕ ಕಡಿಮೆಯಾಗುತ್ತದೆ. ಹ್ಯಾಂಡ್‌ಬಾಲ್ ಆಡುವ ನಿಮ್ಮ ಮಗಳಿಗೆ ಇದು ಕಷ್ಟ ಆಗಲಾರದು ಅನಿಸುತ್ತದೆ. ಶುಕ್ರವಾರ ಸಂಜೆ ಶಾಲೆಯಲ್ಲೇ ಪಾರ್ಟಿ ಇರುತ್ತದೆ, ಕುಡಿಯುವ ಮಕ್ಕಳೂ ಇರುತ್ತಾರೆ. ಹೋಗಲೇಬೇಡ ಅಂದರೆ ಅವಳು ಕ್ಲಾಸಿನಿಂದಲೇ ದೂರವಾಗುತ್ತಾಳೆ. ಎಷ್ಟು ಹೊತ್ತಿಗೆ ಮನೆಗೆ, ಯಾರ ಜೊತೆ ವಾಪಸ್ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. 18 ತುಂಬಿದ ಮೇಲೆ ಶಾಲೆ ಅವಳ ಒಪ್ಪಿಗೆ ಇಲ್ಲದೆ ನಿಮಗೆ ಏನೂ ಹೇಳುವುದಿಲ್ಲ. ಆ ಹೊತ್ತಿಗೆ ಅವಳೇ ನಿಮಗೆ ಹೇಳುವಂತಿರಬೇಕು.

ಮಗನ ಬಗ್ಗೆ ಒಂದು ಮಾತು. ಒಂಬತ್ತನೇ ಕ್ಲಾಸಿನ ನಂತರ ಸೇರುವ ಇಪಿಎಕ್ಸ್ ಎಂಬ ಹೊಸ ಓದನ್ನು 2030ರಿಂದ ತರಲು ಡೆನ್ಮಾರ್ಕ್ 2025ರಲ್ಲಿ ತೀರ್ಮಾನಿಸಿದೆ. ಆಗ ಎಚ್‌ಎಫ್ ಮತ್ತು ಈಗಿನ ಹತ್ತನೇ ಕ್ಲಾಸ್ ಹೋಗಲಿವೆ. ಅಕ್ಕನಿಗೆ ಸಿಕ್ಕ ಆ ಒಂದು ವರ್ಷ ಅವನಿಗೆ ಸಿಗದಿರಬಹುದು. ಸಾಧ್ಯವಾದರೆ ಅವನನ್ನು ಈಗಲೇ ಡ್ಯಾನಿಶ್ ಶಾಲೆಗೆ ಹಾಕಿ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ತರಗತಿಗಳು ಅಲ್ಲಿ ಇರುತ್ತವೆ. ಹತ್ತರ ವಯಸ್ಸಿನಲ್ಲಿ ಭಾಷೆ ಆಟದ ಬಯಲಲ್ಲೇ ಬಂದುಬಿಡುತ್ತದೆ.

ಮುಂದಿನ ಕೆಲಸ ಹೀಗೆ. ಗಿಮ್ನಾಸಿಯಂಗಳು ಸಾಮಾನ್ಯವಾಗಿ ಜನವರಿ ಸುಮಾರಿಗೆ ಒಂದು ಸಂಜೆ ಬಾಗಿಲು ತೆರೆದು ಎಲ್ಲರನ್ನೂ ಕರೆಯುತ್ತವೆ. ಒಂದು ಎಸ್‌ಟಿಎಕ್ಸ್, ಒಂದು ಐಬಿ, ಮನಸ್ಸಿದ್ದರೆ ಒಂದು ಎಚ್‌ಟಿಎಕ್ಸ್ ನೋಡಿ ಬನ್ನಿ. ಅದಕ್ಕೂ ಮೊದಲು ನಿಮ್ಮ ಪುರಸಭೆಯ ಯುವ ಮಾರ್ಗದರ್ಶಕರ ಹತ್ತಿರ ಸಮಯ ತೆಗೆದುಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅರ್ಜಿ ಹಾಕುವುದು ಒಪ್ಟಾಗೆಲ್ಸೆ ಡಾಟ್ ಡಿಕೆ ಎಂಬ ಸರ್ಕಾರಿ ತಾಣದಲ್ಲಿ. ಮಗಳು ತುಂಬಿದ ಮೇಲೆ ನೀವು ನಿಮ್ಮ ಮಿಟ್‌ಐಡಿ, ಅಂದರೆ ಇಲ್ಲಿಯ ಡಿಜಿಟಲ್ ಗುರುತು, ಬಳಸಿ ಸಹಿ ಹಾಕಬೇಕು. ಮೊದಲ ಆಯ್ಕೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಹಾಗಾಗಿ ಕ್ರಮವಾಗಿ ನಾಲ್ಕೈದು ಶಾಲೆ ಹಾಕಿ.

ಆ ಸಂಜೆ ಶಾಲೆಗೆ ಹೋದಾಗ ಮೂರು ವಿಷಯ ಕೇಳಬೇಕು. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳಿಗೆ ಡ್ಯಾನಿಶ್‌ನಲ್ಲಿ ಯಾವ ಸಹಾಯ ಇದೆ? ಬಯೋಟೆಕ್ನಾಲಜಿ ಕಾಂಬಿನೇಷನ್ ಪ್ರತಿ ವರ್ಷ ಶುರುವಾಗುತ್ತದಾ, ಇಲ್ಲಾ ಸಾಕಷ್ಟು ಮಕ್ಕಳು ಬಂದರೆ ಮಾತ್ರವಾ? ಮೊದಲ ವರ್ಷದಲ್ಲಿ ಹಿಂದೆ ಬಿದ್ದ ಮಗುವನ್ನು ಯಾರು ಕರೆದು ಮಾತಾಡಿಸುತ್ತಾರೆ? ಇವನ್ನು ನೀವು ಇಂಗ್ಲಿಷ್‌ನಲ್ಲಿ ಕೇಳಬೇಡಿ. ಮಗಳು ಮನೆಯಲ್ಲೇ ಬರೆದು, ಹ್ಯಾಂಡ್‌ಬಾಲ್ ಗೆಳತಿಯ ಹತ್ತಿರ ತಿದ್ದಿಸಿಕೊಂಡು ಬಂದು, ಅಲ್ಲಿ ಅವಳೇ ಡ್ಯಾನಿಶ್‌ನಲ್ಲಿ ಕೇಳಲಿ. ನೀವಿಬ್ಬರೂ ಪಕ್ಕದಲ್ಲಿ ನಿಂತಿರಿ.